ಗೆದ್ದವನು ಕಟ್ಟಿದ ಮನೆ, ಸೋತವರ ಹೆಸರು

ಶಿವಮೊಗ್ಗಕ್ಕೆ ಬಂದು ಹದಿನಾರು ವರ್ಷ ಆಯ್ತು. ಕೋಟೆ ಆಂಜನೇಯನ ಗುಡಿಗೆ ಎಷ್ಟು ಶನಿವಾರ ಹೋಗಿದ್ದೀನೋ ಲೆಕ್ಕ ಇಟ್ಟಿಲ್ಲ. ಅದರ ಪಕ್ಕದಲ್ಲೇ ಇರೋ ಶಿವಪ್ಪನಾಯಕನ ಅರಮನೆಯೊಳಗೆ ಕಾಲಿಟ್ಟಿದ್ದು ಮಾತ್ರ ಕಳೆದ ತಿಂಗಳು. ಅದೂ ಹೊಸನಗರದ ಕಡೆಯಿಂದ ಬಂದಿದ್ದ ದೊಡ್ಡಪ್ಪ ಹಟ ಹಿಡಿದಿದ್ದಕ್ಕೆ. ಕಣ್ಣಿನ ಆಪರೇಷನ್ ಆಗಿ ಒಂದು ತಿಂಗಳಾಗಿತ್ತು, ಡಾಕ್ಟ್ರಿಗೆ ತೋರಿಸೋಕೆ ಬಂದಿದ್ರು. "ಕಣ್ಣು ಸರಿ ಆಯ್ತಲ್ಲ, ಏನಾದ್ರೂ ನೋಡಿಕೊಂಡೇ ಹೋಗ್ತೀನಿ" ಅಂದ್ರು. ಎಂಟನೇ ಕ್ಲಾಸಿನ ಮಗಳಿಗೂ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ರು. ಮೂವರೂ ಹೊರಟ್ವಿ.

ಒಳಗೆ ಹೋದ ತಕ್ಷಣ ಎಲ್ಲರೂ ಮಾಡೋದು ಒಂದೇ, ದರ್ಬಾರ್ ಹಾಲಿನ ಮಧ್ಯ ನಿಂತು ಫೋಟೋ. ನಾನೂ ಮೊಬೈಲ್ ತೆಗೆದೆ. ದೊಡ್ಡಪ್ಪ ಫೋಟೋಕ್ಕೆ ನಿಲ್ಲಲೇ ಇಲ್ಲ. ಸೀದಾ ಹೋಗಿ ಒಂದು ಕಂಬವನ್ನ ಬೆರಳ ಗೆಣ್ಣಿನಿಂದ ಟಕ್ ಟಕ್ ಅನ್ನಿಸಿದ್ರು. ಹಲಸಿನಹಣ್ಣು ಬಲಿತಿದೆಯಾ ಅಂತ ನೋಡ್ತಾರಲ್ಲ, ಥೇಟ್ ಹಾಗೆ. ಆಮೇಲೆ ಎರಡೂ ಕೈಯಲ್ಲಿ ಅಪ್ಪಿಕೊಳ್ಳೋಕೆ ನೋಡಿದ್ರು. ಬೆರಳು ಕೂಡಲಿಲ್ಲ.

"ಮುಂಡಿಗೆ ಅಂದ್ರೆ ಇದು ಮಾರಾಯ್ತಿ. ಬೀಟೆ. ಇಂಥದ್ದನ್ನ ಕಾಡಿಂದ ಹೊಳೆವರೆಗೆ ಎಳೆಯೋಕೆ ಎಷ್ಟು ಜನ ಬೇಕಾಗಿತ್ತೋ ಏನೋ. ಆ ಲೆಕ್ಕ ಯಾರಾದ್ರೂ ಬರೆದಿಟ್ಟಿದಾರಾ?"

ಆ ಕಂಬಗಳ ನಡುವೆ ಎಸಳೆಸಳಾಗಿ ಬಾಗಿದ ಮರದ ಕಮಾನು. ಎರಡೂ ಪಕ್ಕದಲ್ಲಿ ಎತ್ತರದಲ್ಲಿ ಕೋಣೆಗಳು, ಅಲ್ಲಿಂದ ಕೆಳಗಿನ ಹಾಲಿಗೆ ಬಗ್ಗಿ ನೋಡೋ ಬಾಲ್ಕನಿ. ಬೆಂಗಳೂರಿನ ಟಿಪ್ಪು ಬೇಸಿಗೆ ಅರಮನೆ ನೋಡಿದವರಿಗೆ ಈ ಕಮಾನು ಎಲ್ಲೋ ಕಂಡ ಹಾಗಿದೆಯಲ್ಲ ಅನಿಸುತ್ತೆ. ಹಾಗೆ ಅನಿಸೋಕೆ ಕಾರಣ ಇದೆ. ಬೆಂಗಳೂರಿನದ್ದನ್ನ ಶುರು ಮಾಡಿದ್ದು ಹೈದರಾಲಿ, 1791ರಲ್ಲಿ ಮುಗಿಸಿದ್ದು ಟಿಪ್ಪು. ನಮ್ಮ ಶಿವಮೊಗ್ಗದ ಅರಮನೆಯೂ ಹೈದರನ ಕಾಲದ್ದೇ ಅಂತಾರೆ ಕಲಾ ಇತಿಹಾಸಕಾರ ಜಾರ್ಜ್ ಮಿಷೆಲ್.

ಜಗಳಕ್ಕೆ ಬರೋ ಮುಂಚೆ ಪೂರ್ತಿ ಓದಿ ಪ್ಲೀಸ್.

ಶಿವಪ್ಪನಾಯಕ ಆಳಿದ್ದು 1645ರಿಂದ 1660. ರಾಜಧಾನಿ ಬಿದನೂರು. ಹೈದರ್ ಬಿದನೂರನ್ನ ಹಿಡಿದಿದ್ದು 1763ರಲ್ಲಿ, ಅಂದ್ರೆ ನಾಯಕ ತೀರಿಕೊಂಡು ನೂರು ವರ್ಷ ಕಳೆದ ಮೇಲೆ. 1499ರಲ್ಲಿ ಚೌಡಪ್ಪನಾಯಕನಿಂದ ಶುರುವಾದ ಕೆಳದಿ ಸಂಸ್ಥಾನ ರಾಣಿ ವೀರಮ್ಮಾಜಿ ಸೆರೆಯಾಗೋದರೊಂದಿಗೆ ಮುಗೀತು. ಆ ಸಂಸ್ಥಾನ ಮುಗಿಸಿದವನ ಕಾಲದ ಕಟ್ಟಡಕ್ಕೆ ಅದೇ ಸಂಸ್ಥಾನದ ದೊರೆಯ ಹೆಸರು! ಇನ್ನೂ ಮಜಾ ಏನು ಅಂದ್ರೆ, ಬಿದನೂರು ಗೆದ್ದ ಹೈದರ್ ಅದಕ್ಕೆ ಹೈದರ್‌ನಗರ ಅಂತ ತನ್ನ ಹೆಸರೇ ಇಟ್ಟ. ಇವತ್ತು ಹೊಸನಗರದಿಂದ ಬಸ್ ಹತ್ತಿ "ಹೈದರ್‌ನಗರಕ್ಕೆ ಒಂದು ಟಿಕೆಟ್" ಅನ್ನಿ, ಕಂಡಕ್ಟರ್ ಮುಖ ನೋಡ್ತಾನೆ. ಬರೀ ನಗರ ಅಂದ್ರೆ ಗೊತ್ತಾಗುತ್ತೆ.

ಇದನ್ನ ಹೇಳಿದ್ರೆ ದೊಡ್ಡಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. "ಅದರಲ್ಲೇನಿದೆ? ನಮ್ಮ ಕೆಳಗಿನ ತೋಟಕ್ಕೆ ಇವತ್ತಿಗೂ ಭಟ್ಟರ ತೋಟ ಅಂತಾರೆ. ನಮ್ಮಜ್ಜ ತಗೊಂಡು ಮೂರು ತಲೆ ಆಯ್ತು. ಪಹಣಿಯಲ್ಲಿ ನನ್ನ ಹೆಸರಿದೆ. ಅಡಿಕೆ ಕೊನೆ ಕೊಯ್ಯೋಕೆ ಬರೋರು ಮಾತ್ರ ಭಟ್ಟರ ತೋಟಕ್ಕೆ ಹೋಗಿದ್ವಿ ಅಂತಾನೇ ಹೇಳ್ತಾರೆ."

ನನಗೆ ಇದು ಬಹಳ ಹಿಡಿಸ್ತು. ಅರಮನೆಗೆ ಈ ಹೆಸರು ತಪ್ಪು, ಬದಲಾಯಿಸಿ ಅಂತ ನಾನು ಹೇಳೋದಿಲ್ಲ. ಜನ ಇಟ್ಟ ಹೆಸರು ಅದು, ಇರಲಿ. ಆದರೆ ಹೆಸರು ಬೇರೆ, ಕಟ್ಟಿದ ಕೈ ಬೇರೆ ಅನ್ನೋದನ್ನ ಮುಚ್ಚಿಟ್ಟು ಮಕ್ಕಳಿಗೆ ಕಥೆ ಹೇಳೋದು ಯಾಕೆ? ಈ ಎರಡನ್ನೂ ಹೇಳಿದಾಗಲೇ ಅಲ್ವಾ ಮಗಳು ಮೊಬೈಲ್ ಕೆಳಗಿಟ್ಟು "ಹೌದಾ ಅಮ್ಮ?" ಅಂದಿದ್ದು?

ಶಿವಪ್ಪನಾಯಕನ ಇನ್ನೊಂದು ಹೆಸರಿನ ಗತಿಯೂ ಇದೇ. ಶಿಸ್ತಿನ ಶಿವಪ್ಪನಾಯಕ ಅಂತ ಕೇಳದವರು ಮಲೆನಾಡಲ್ಲಿ ಯಾರಿದಾರೆ? ನಾನಂತೂ ಚಿಕ್ಕವಳಿದ್ದಾಗ ಆತ ಬೆಳಗಿನ ಜಾವ ಎದ್ದು, ಹಾಸಿಗೆ ಮಡಚಿಟ್ಟು, ಸಾಲಾಗಿ ನಡೆಯೋ ಡ್ರಿಲ್ ಮಾಸ್ತರ ಥರದ ರಾಜ ಅಂದುಕೊಂಡಿದ್ದೆ. ಚಪ್ಪಲಿ ಸರಿಯಾಗಿ ಬಿಡದೇ ಇದ್ರೆ ಅಪ್ಪ ಅವನ ಹೆಸರು ಹೇಳಿಯೇ ಬೈತಿದ್ರು. ಅಸಲಿಗೆ ಶಿಸ್ತು ಅಂದ್ರೆ ಅವನು ತಂದ ಕಂದಾಯದ ಕಟ್ಟಳೆ. ಮಣ್ಣಿನ ಗುಣ, ನೀರಿನ ಅನುಕೂಲ ನೋಡಿ ಜಮೀನನ್ನ ಐದು ತರಗತಿ ಮಾಡಿಸಿದ. ಎಷ್ಟು ಖಂಡುಗ ಬಿತ್ತನೆಯ ಗದ್ದೆ ಅನ್ನೋದರ ಮೇಲೆ ಅಳತೆ. ಬೆಳೆದಿದ್ದರಲ್ಲಿ ಮೂರನೇ ಒಂದು ಪಾಲು ಸರ್ಕಾರಕ್ಕೆ. ದರ ಊರಿಂದ ಊರಿಗೆ ಬೇರೆ.

ಖಂಡುಗ ಅಂದ್ರೆ ಏನು ಅಂತ ಮಗಳಿಗೆ ಗೊತ್ತಿರಲಿಲ್ಲ. ದೊಡ್ಡಪ್ಪ ಅಲ್ಲೇ ಜಗಲಿ ಮೇಲೆ ಕೂತು "ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಪುಟ್ಟಿ" ಅಂತ ಶುರು ಮಾಡಿ, ಅಡಿಕೆ ಎಲೆಚುಕ್ಕಿ ರೋಗದವರೆಗೆ ಬಂದ್ರು. ಮೂರನೇ ಒಂದು ಪಾಲು ಅಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾಗಿ, "ಅದೇನು ಕಮ್ಮಿ ಅಲ್ಲ" ಅಂದ್ರು. ರೈತನ ಮುಂದೆ ರಾಜನನ್ನ ಹೊಗಳೋದು ಕಷ್ಟ.

"ಮೈಸೂರು ಅರಮನೆ ಮುಂದೆ ಇದೇನು ಮಹಾ" ಅನ್ನೋರಿಗೆ ಒಂದೇ ಮಾತು. ಈಗಿನ ಮೈಸೂರು ಅರಮನೆ ಮುಗಿದಿದ್ದು 1912ರಲ್ಲಿ. ಅದಕ್ಕಿಂತ ಮುಂಚೆ ಅಲ್ಲಿದ್ದ ಮರದ ಅರಮನೆ 1897ರಲ್ಲಿ ಸುಟ್ಟು ಹೋಯ್ತು. ಮರದ್ದು ಉಳಿಯೋದು ಅಷ್ಟು ಸುಲಭ ಅಲ್ಲ. ಕೆಳದಿಯವರು ನಿಜವಾಗಿ ವಾಸವಿದ್ದ ಜಾಗಗಳನ್ನೇ ನೋಡಿ. ಇಕ್ಕೇರಿಯಲ್ಲಿ ಅಘೋರೇಶ್ವರ ಕಲ್ಲಿನವನು, ನಿಂತಿದಾನೆ. ಕವಲೇದುರ್ಗದಲ್ಲಿ ಅರಮನೆಯ ಅಡಿಪಾಯ, ಮೆಟ್ಟಿಲು ಸಿಗುತ್ತೆ, ಮೇಲೆ ಬರೀ ಆಕಾಶ. ನಮ್ಮ ಮಳೆ ತಿನ್ನದ್ದು ಏನಿದೆ. ಗೆದ್ದಲು, ಬೆಂಕಿ, ಮಳೆ ಮೂರರಿಂದಲೂ ತಪ್ಪಿಸಿಕೊಂಡ ಇಷ್ಟು ದಪ್ಪದ ಕಂಬ, ಅದೂ ತುಂಗೆ ದಡದಲ್ಲಿ! ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗ್ತಾ ಅಂತ ನೋಡೋಕೆ ಊರೇ ಓಡುತ್ತಲ್ಲ, ಅದೇ ಹೊಳೆ.

ಆದ್ರೆ ಅವತ್ತು ನನ್ನನ್ನ ಹಿಡಿದು ನಿಲ್ಲಿಸಿದ್ದು ಅರಮನೆ ಅಲ್ಲ, ಅದರ ಅಂಗಳ. ಸುತ್ತಮುತ್ತಲ ಊರುಗಳಿಂದ ತಂದಿಟ್ಟ ಕಲ್ಲುಗಳು ಅಲ್ಲಿವೆ. ಹೊಯ್ಸಳರ ಕಾಲದ ಕೆತ್ತನೆ, ಕೆಳದಿ ಕಾಲದವು, ವೀರಗಲ್ಲು, ಮಾಸ್ತಿಕಲ್ಲು. ಬಂದವರಲ್ಲಿ ಮುಕ್ಕಾಲು ಪಾಲು ಜನ ಅವುಗಳ ಪಕ್ಕದಲ್ಲೇ ನಡೆದು ಹೋಗ್ತಿದ್ರು. ನಾನು ಒಬ್ಬಳೇ ಬಂದಿದ್ದರೆ ನನ್ನದೂ ಅದೇ ಕಥೆ.

ವೀರಗಲ್ಲನ್ನ ಕೆಳಗಿಂದ ಮೇಲೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾದಾಟ. ಮಧ್ಯದಲ್ಲಿ ಸತ್ತವನನ್ನ ಅಪ್ಸರೆಯರು ಎರಡೂ ಕಡೆ ಹಿಡಿದು ಎತ್ತಿಕೊಂಡು ಹೋಗ್ತಿರ್ತಾರೆ. ಮೇಲೆ ಶಿವಲಿಂಗದ ಮುಂದೆ ಅವನು ಕೂತಿರ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ, ಅವು ಇರೋ ತನಕ ಈ ಹೆಸರಿರಲಿ ಅಂತ. ಇವರಲ್ಲಿ ಎಷ್ಟೋ ಜನ ರಾಜನ ಯುದ್ಧದಲ್ಲಿ ಸತ್ತವರಲ್ಲ. ಊರ ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಸತ್ತವರು, ಶಾಸನಗಳಲ್ಲಿ ತುರುಗೊಳ್ ಅಂತ ಬರುತ್ತಲ್ಲ, ಅದು. ಅಂಥ ಕಲ್ಲಲ್ಲಿ ಕೆಳಗೆ ಸಣ್ಣದಾಗಿ ದನಗಳೂ ಇರ್ತವೆ. ಮಾಸ್ತಿಕಲ್ಲು ಅಂದ್ರೆ ಸತಿ ಹೋದ ಹೆಂಗಸಿನ ನೆನಪಿನ ಕಲ್ಲು. ಅದರಲ್ಲಿ ಮೊಣಕೈ ಮಡಚಿ ಎತ್ತಿದ ಒಂದು ತೋಳು, ಕೈತುಂಬ ಬಳೆ. ಅದರ ಮುಂದೆ ಮಗಳು ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳ್ತಿದ್ದೆನೋ.

ನನಗೆ ಅನಿಸೋದು, ಮಕ್ಕಳನ್ನ ಕರ್ಕೊಂಡು ಹೋದವರು ಮೊದಲು ಈ ಅಂಗಳದಲ್ಲಿ ಒಂದು ಗಂಟೆ ಕಳೀಬೇಕು, ದರ್ಬಾರ್ ಹಾಲು ಆಮೇಲೆ. ರಾಜರ ಹೆಸರು ಹೇಳೋಕೆ ಪಠ್ಯಪುಸ್ತಕ ಇದೆ. ದನ ಬಿಡಿಸೋಕೆ ಹೋಗಿ ಸತ್ತವನಿಗೆ ಇರೋದು ಈ ಕಲ್ಲು ಒಂದೇ.

ದೊಡ್ಡಪ್ಪ ಒಂದು ವೀರಗಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಏಳೋದೇ ಇಲ್ಲ. ಮಂಡಿ ನೋವೇನೋ ಅಂತ ಕೈ ಕೊಡೋಕೆ ಹೋದೆ.

"ಅಲ್ವೇ, ನಮ್ಮ ಕೆರೆ ಏರಿ ಮೇಲೆ ಒಂದು ಕಲ್ಲು ಓರೆಯಾಗಿ ನಿಂತಿದೆಯಲ್ಲ, ಕತ್ತಿ ಮಸೆಯೋದು..."

"ಅದರ ಮೇಲೆ ಏನಾದ್ರೂ ಇದೆಯಾ?"

"ಯಾರು ನೋಡಿದಾರೆ? ಪಾಚಿ ಕಟ್ಟಿದೆ."

ಮಧ್ಯಾಹ್ನದ ಬಸ್ಸಿಗೆ ಹತ್ತಿಸಿ ಬಂದೆ. ಮೂರನೇ ದಿನ ಬೆಳಿಗ್ಗೆ, ದೋಸೆ ಹೊಯ್ಯೋ ಹೊತ್ತಿಗೆ ಫೋನು. ತೆಂಗಿನ ಚಿಪ್ಪು, ಹುಲ್ಲಿನ ಕುಚ್ಚು ತಗೊಂಡು ಹೋಗಿ ಕಲ್ಲು ತಿಕ್ಕಿದಾರೆ. ಏದುಸಿರು ಬಿಡ್ತಿದ್ರು.

"ಮೇಲೆ ಸೂರ್ಯ ಚಂದ್ರ ಇದೆ ಮಾರಾಯ್ತಿ. ಮುಖ ಸವೆದು ಹೋಗಿದೆ, ನಾವೇ ಮಸೆದು ಮಸೆದು. ಕೆಳಗೆ ದನ ಇದೆ. ಮೂರು."