ನಿಮ್ಮ ಹತ್ತು ನಿಮಿಷಕ್ಕೆ ಎಷ್ಟು ಬೆಲೆ?

ಬಡವರಿಗೆ ಕೆಲಸಕ್ಕೆ ಹೋಗಲು ಬಸ್ ಬೇಕು ಅಂತ ಅಧಿಕಾರಿಗಳು ಒಂದು ಸಭೆ ಕರೆಯುತ್ತಾರೆ. ಯಾವಾಗ? ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಎಲ್ಲಿ? ಬಸ್ಸೇ ಹೋಗದ ಕಟ್ಟಡದಲ್ಲಿ. ಕಾರಿದ್ದವರು ಬಂದು, ಬಸ್ಸಿನ ಬಗ್ಗೆ ಎರಡು ಗಂಟೆ ಮಾತಾಡಿ, "ಸಾರ್ವಜನಿಕರಿಂದ ಆಕ್ಷೇಪಣೆ ಬಂದಿಲ್ಲ" ಅಂತ ಬರೆದುಕೊಂಡು ಎದ್ದು ಹೋಗುತ್ತಾರೆ.

ನನಗೆ ತುಂಬಾ ಇಷ್ಟವಾದದ್ದು ಅವರ ಸಮಯದ ಲೆಕ್ಕ. ಹೊಸ ಮಾರ್ಗ ಬೇಕಾ ಬೇಡವಾ ಅಂತ ನೋಡುವಾಗ ಜನರಿಗೆ ಎಷ್ಟು ನಿಮಿಷ ಉಳಿಯುತ್ತದೆ ಅಂತ ಎಣಿಸಿ, ಆ ನಿಮಿಷಕ್ಕೆ ದುಡ್ಡಿನ ಬೆಲೆ ಕಟ್ಟುತ್ತಾರೆ. ಬೆಲೆ ಎಲ್ಲಿಂದ ಬಂತು? ಎಷ್ಟೋ ಕಡೆ, ಸಂಬಳದಿಂದ! ಮ್ಯಾನೇಜರಿಗೆ ಉಳಿದ ಹತ್ತು ನಿಮಿಷ ಚಿನ್ನ, ನೆಲ ಒರೆಸುವವಳಿಗೆ ಉಳಿದ ಹತ್ತು ನಿಮಿಷ ಚಿಲ್ಲರೆ. (ಕೆಲವು ದೇಶಗಳು ನಾಚಿಕೊಂಡು ಎಲ್ಲರಿಗೂ ಒಂದೇ ಸರಾಸರಿ ಬೆಲೆ ಹಾಕುತ್ತವೆ, ಅಷ್ಟಾದರೂ ಇದೆಯಲ್ಲ.) ಸಂಬಳ ಕಡಿಮೆ, ಹಾಗಾಗಿ ಬಸ್ ಲಾಭವಿಲ್ಲ. ಬಸ್ಸಿಲ್ಲ, ಹಾಗಾಗಿ ಜಾಸ್ತಿ ಸಂಬಳದ ಕೆಲಸಕ್ಕೆ ಹೋಗೋಕಾಗಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ.

ಇದೇನು ನಿನ್ನೆ ಮೊನ್ನೆ ಗೊತ್ತಾದದ್ದಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಜನರೇ ಹೆಚ್ಚಿದ್ದ ವಾಟ್ಸ್ ಬಡಾವಣೆಯಲ್ಲಿ 1965ರಲ್ಲಿ ಗಲಭೆಯಾದಾಗ ವಿಚಾರಣೆಗೆ ಕೂತ ಆಯೋಗ, ಅಲ್ಲಿನವರಿಗೆ ಕೆಲಸಕ್ಕೆ ಹೋಗಲು ಸರಿಯಾದ ಬಸ್ಸೇ ಇಲ್ಲ ಅಂತ ಬರೆಯಿತು. ಕೆಲಸಗಳು ಊರಾಚೆ ಹೋಗುತ್ತಿವೆ, ಅಲ್ಲಿ ಮನೆ ಸಿಗದ ಕಪ್ಪು ಜನ ಊರೊಳಗೇ ಉಳಿದು ಕೆಲಸ ಕಳೆದುಕೊಳ್ಳುತ್ತಿದ್ದಾರೆ ಅಂತ ಅರ್ಥಶಾಸ್ತ್ರಜ್ಞ ಜಾನ್ ಕೇನ್ 1968ರಲ್ಲಿ ತೋರಿಸಿದರು. ಇಂಥವರನ್ನು ಕೆಲಸಕ್ಕೆ ಮುಟ್ಟಿಸಲೆಂದೇ ಅಮೆರಿಕ ಕಾನೂನಿನಲ್ಲಿ ಪ್ರತ್ಯೇಕ ಅನುದಾನ ಇಟ್ಟದ್ದು 1998ರಲ್ಲಿ. ಬರೋಬ್ಬರಿ ಮೂವತ್ತು ವರ್ಷ. ನಾವು ಸುಮ್ನೆ ಬಸ್ ಲೇಟ್ ಅಂತ ಡ್ರೈವರನ್ನು ಬೈಯುತ್ತೇವೆ.

ಗಂಟೆಗೊಂದು ಬಸ್ ಅಂದರೆ, ವೇಳಾಪಟ್ಟಿ ನೋಡದೆ ಬಂದವರು ಸರಾಸರಿ ಅರ್ಧ ಗಂಟೆ ನಿಲ್ಲಬೇಕು. ಇಳಿದು ಇನ್ನೊಂದು ಗಂಟೆಗೊಂದು ಬಸ್ ಹಿಡಿಯಬೇಕಾದರೆ ಮತ್ತೆ ಅರ್ಧ. ನಕ್ಷೆಯಲ್ಲಿ ಮಾತ್ರ ಆ ಜಾಗದಲ್ಲಿ ಎರಡು ಗೆರೆ ಸೇರಿ ಒಂದು ಮುದ್ದಾದ ಚುಕ್ಕೆ, ಅಲ್ವಾ? ಚುಕ್ಕೆಗೆ ಕಾಲು ನೋಯುವುದಿಲ್ಲ, ಮಳೆಯೂ ಬೀಳುವುದಿಲ್ಲ.

ಸಭೆ ನಡೆದ ಕೋಣೆ ಗುಡಿಸಲು ರಾತ್ರಿ ಒಬ್ಬಳು ಬರುತ್ತಾಳೆ. ಕುರ್ಚಿಗಳನ್ನು ಒಳಗೆ ತಳ್ಳುತ್ತಾಳೆ, ಅರ್ಧ ಕುಡಿದಿಟ್ಟ ನೀರಿನ ಬಾಟಲಿಗಳನ್ನು ಹೆಕ್ಕುತ್ತಾಳೆ. ಬೋರ್ಡಿನ ಮೇಲೆ ಹಸಿರು ಶಾಯಿಯಲ್ಲಿ ಹೊಸ ಮಾರ್ಗ, ಅವಳ ಮನೆ ಹತ್ತಿರದಿಂದಲೇ ಶುರು. ಪಕ್ಕದಲ್ಲಿ ದಪ್ಪಕ್ಷರದಲ್ಲಿ "ಅಳಿಸಬೇಡಿ" ಅಂತಿದೆ. ಅದನ್ನು ಮುಟ್ಟದೆ ಸುತ್ತಲೂ ಹುಷಾರಾಗಿ ಒರೆಸಿ, ಲೈಟ್ ಆರಿಸಿ, ನಡೆಯಲು ಶುರು ಮಾಡುತ್ತಾಳೆ. ದೂರದ ಸ್ಟಾಪಿನಿಂದ ಹೊರಡುವ ಕೊನೇ ಬಸ್ಸೂ ಒಂಬತ್ತಕ್ಕೇ ಹೋಯಿತು. ಆಮೇಲೆ ಪ್ರಯಾಣಿಕರೇ ಇರುವುದಿಲ್ಲ ಅಂತ ಸರ್ವೆಯಲ್ಲಿ ಬಂದಿತ್ತಂತೆ. ಸರ್ವೆಯವರು ಎಣಿಸಿದ್ದು ಬಸ್ಸಿನೊಳಗೆ ಕೂತವರನ್ನು.