6 ಸಾವಿರ ಕ್ಲಿಕ್ಕಿನ ಕ್ಯಾಮೆರಾ

ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಅಂದ ಕೂಡಲೇ ಎಲ್ಲರದ್ದೂ ಒಂದೇ ಪ್ರಶ್ನೆ. ಶಟರ್ ಕೌಂಟ್ ಎಷ್ಟು, ಅಂದರೆ ಒಳಗಿನ ಶಟರ್ ಈವರೆಗೆ ಎಷ್ಟು ಸಲ ಕ್ಲಿಕ್ ಆಗಿದೆ? ಹಳೇ ಸ್ಕೂಟರ್ ಎಷ್ಟು ಕಿಲೋಮೀಟರ್ ಓಡಿದೆ ಅಂತ ಕೇಳುವ ಹಾಗೆ. ಅದೊಂದನ್ನೇ ಕೇಳಿ ಕೈ ಸುಟ್ಟುಕೊಂಡವನು ನಾನು.

ಮೂರು ವರ್ಷದ ಹಿಂದೆ ಮುಂಬೈಯ ಫೋರ್ಟ್ ಕಡೆಯ ಒಂದು ಅಂಗಡಿಯಲ್ಲಿ ಹಳೇ ಮಿರರ್‌ಲೆಸ್ ಕ್ಯಾಮೆರಾ ಕೊಂಡೆ. ಕೌಂಟ್ ಬರೀ 6 ಸಾವಿರ ಚಿಲ್ಲರೆ. ಲಾಟರಿ ಹೊಡೆದ ಖುಷಿ. ಕರಾವಳಿಯಲ್ಲಿ ಯಕ್ಷಗಾನದ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಊರಿನ ಮೇಳದವರು ಮುಂಬೈಗೆ ಬಂದಿದ್ದರು, ಮಾಟುಂಗದಲ್ಲಿ ಆಟ. ಮಹಿಷಾಸುರ ಜನರ ನಡುವಿನಿಂದ ಅಬ್ಬರಿಸುತ್ತ ಬರುವಾಗ ಒಂದೇ ಸಮ ಕ್ಲಿಕ್ಕಿಸಿದೆ. ಮನೆಗೆ ಬಂದು ನೋಡಿದರೆ ಅರ್ಧಕ್ಕರ್ಧ ಫೋಟೊಗಳಲ್ಲಿ ಮೇಲ್ಗಡೆ ಕಪ್ಪು ಪಟ್ಟಿ, ಅಂಗಡಿಯ ಶಟರ್ ಅರ್ಧ ಎಳೆದ ಹಾಗೆ. ಮಹಿಷಾಸುರನಿಗೆ ಕೋಡೇ ಇಲ್ಲ.

ರಿಪೇರಿಯವರು ಬಿಚ್ಚಿ ತೋರಿಸಿದರು. ಶಟರ್ ಪರದೆಯ ಒಂದು ಬ್ಲೇಡ್ ಮಣಿದಿತ್ತು. ಯಾರೋ ಅದರ ಹಿಂದಿನ, ಚಿತ್ರ ಹಿಡಿಯುವ ಸೆನ್ಸರ್ ಕ್ಲೀನ್ ಮಾಡಲು ಹೋಗಿ ತಾಗಿಸಿರಬೇಕು ಅಂದರು. ಮಿರರ್‌ಲೆಸ್‌ನಲ್ಲಿ ಮುಂದೆ ಕನ್ನಡಿ ಇರುವುದಿಲ್ಲವಲ್ಲ, ಲೆನ್ಸ್ ತೆಗೆದರೆ ಒಳಗಿನದೆಲ್ಲ ಕೈಗೆ ಸಿಗುತ್ತದೆ. ಆ ಪೆಟ್ಟು ಯಾವ ಕೌಂಟಿನಲ್ಲೂ ಬರೆದಿರುವುದಿಲ್ಲ.

ಕಳೆದ ತಿಂಗಳು ಅಕ್ಕನ ಮಗನ ಸರದಿ. ಡೊಂಬಿವಲಿಯಿಂದ ಫೋನು. "ಮಾವಾ, ಸೋನಿ ಎ6000 ಸಿಕ್ಕಿದೆ, 28 ಸಾವಿರ ಹೇಳ್ತಿದ್ದಾನೆ, ನಾಲ್ಕೈದು ಸಾವಿರ ಕ್ಲಿಕ್ ಅಷ್ಟೇ ಅಂತೆ." 2014ರ ಮಾಡೆಲ್, ನಾಲ್ಕೈದು ಸಾವಿರವೇ? ಫೋಟೊ ಕಳಿಸಲು ಹೇಳಿದೆ. ವಾಟ್ಸಾಪ್‌ನಲ್ಲಿ ಬಂತು. ಪ್ರಯೋಜನವಿಲ್ಲ. ವಾಟ್ಸಾಪ್ ಫೋಟೊವನ್ನು ಕುಗ್ಗಿಸುವಾಗ ಕ್ಯಾಮೆರಾ ಬರೆದಿಟ್ಟ ಲೆಕ್ಕವೆಲ್ಲ ಹೋಗಿಬಿಡುತ್ತದೆ. ಕಾರ್ಡಿನಿಂದ ನೇರ ತೆಗೆದ ಫೈಲನ್ನು 'ಡಾಕ್ಯುಮೆಂಟ್' ಆಗಿ ಕಳಿಸಬೇಕು. ಹಾಗೆ ತರಿಸಿ, ಆ ಲೆಕ್ಕ ಓದುವ ಎಕ್ಸಿಫ್‌ಟೂಲ್ ಅನ್ನುವ ಸಾಫ್ಟ್‌ವೇರ್‌ಗೆ ಹಾಕಿದೆ. 24,630.

ಮಾರುವ ಹುಡುಗ ಸುಳ್ಳು ಹೇಳಿರಲಿಲ್ಲ. ಫೈಲಿನ ಹೆಸರು ಡಿಎಸ್‌ಸಿ04612 ಅಂತಿತ್ತು, ಅದನ್ನೇ ಕೌಂಟ್ ಅಂದುಕೊಂಡಿದ್ದ. ಆ ನಂಬರ್ 9999 ಮುಟ್ಟಿದರೆ ಮತ್ತೆ 1ರಿಂದ ಶುರು. ಎರಡು ಸುತ್ತು ಮುಗಿಸಿ ಮೂರನೆಯದರಲ್ಲಿತ್ತು.

24 ಸಾವಿರ ಜಾಸ್ತಿಯೇನಲ್ಲ. ಇಂಥ ಕ್ಯಾಮೆರಾಗಳ ಶಟರ್‌ಗೆ ಸಾಮಾನ್ಯವಾಗಿ ಲಕ್ಷದ ಆಸುಪಾಸು ಆಯುಷ್ಯ ಹೇಳುತ್ತಾರೆ, ಅದೂ ಅಂದಾಜು. ವಿಡಿಯೊ ತೆಗೆದರೆ ಕೌಂಟ್ ಏರುವುದೇ ಇಲ್ಲ ಅನ್ನುವುದೂ ನೆನಪಿರಲಿ. ಮದುವೆ ವಿಡಿಯೊಗಳಲ್ಲಿ ಬೆವರು ಸುರಿಸಿದ ಕ್ಯಾಮೆರಾವೂ 3 ಸಾವಿರ ತೋರಿಸಿ ಹೊಸದರಂತೆ ಕೂರಬಹುದು. ಎಚ್‌ಡಿಎಂಐ ಕಿಂಡಿ ಸಡಿಲವೇ, ಬ್ಯಾಟರಿ ಬಾಗಿಲು ಗಟ್ಟಿಯೇ, ಸ್ಕ್ರೀನ್ ಮಡಚುವಾಗ ಮಿಟುಕುತ್ತದೆಯೇ ಅಂತ ನೋಡಿದರೆ ಬಂಡವಾಳ ಗೊತ್ತಾಗುತ್ತದೆ. ಕ್ಯಾನನ್ ಎಂ50ಯಂಥದ್ದರಲ್ಲಂತೂ ಫೋಟೊ ಫೈಲಿನೊಳಗೆ ಕೌಂಟಿನ ಲೆಕ್ಕವೇ ಸಿಗುವುದಿಲ್ಲ.

ಭಾನುವಾರ ಮಾಟುಂಗದಲ್ಲಿ ಭೇಟಿ. ಮಾರುವ ಹುಡುಗ ಹೋಟೆಲಿನಲ್ಲಿ ಕೂತೇ ತೋರಿಸಲು ಹೊರಟ. ಬೇಡ ಅಂದೆ. ಎಲ್‌ಇಡಿ ದೀಪದ ಕೆಳಗೆ ವೇಗದ ಶಟರ್‌ನಲ್ಲಿ ತೆಗೆದರೆ ದೀಪದ ಮಿಣುಕೇ ಪಟ್ಟೆಯಾಗಿ ಬೀಳುತ್ತದೆ, ತಪ್ಪು ಯಾರದ್ದು ಅಂತ ಗೊತ್ತಾಗುವುದಿಲ್ಲ. ಕಾಫಿ ಕುಡಿದು ಫೈವ್ ಗಾರ್ಡನ್ಸ್‌ಗೆ ನಡೆದೆವು. ಮಳೆ ಬಿಟ್ಟಿತ್ತು. ಮೋಡ ಕವಿದ ಬಿಳಿ ಆಕಾಶ, ಶಟರ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಗೋಡೆ ಇಲ್ಲ.

ಮೊದಲು ಮೆನುವಿನಲ್ಲಿ 'ಇ-ಫ್ರಂಟ್ ಕರ್ಟನ್' ಆಫ್ ಮಾಡಿಸಿದೆ. ಶಟರ್ ಅಂದರೆ ಎರಡು ಪರದೆ, ಒಂದು ತೆರೆಯುತ್ತದೆ, ಇನ್ನೊಂದು ಮುಚ್ಚುತ್ತದೆ. ಅದು ಆನ್ ಇದ್ದರೆ ಮೊದಲ ಪರದೆಯ ಕೆಲಸವನ್ನು ಸೆನ್ಸರೇ ಮಾಡಿಬಿಡುತ್ತದೆ, ಒಂದು ಪರದೆ ಪರೀಕ್ಷೆಗೇ ಬರುವುದಿಲ್ಲ. ಆಮೇಲೆ ಐಎಸ್‌ಒ (ಬೆಳಕಿನ ಸಂವೇದನೆ) 400ರಲ್ಲಿ 1/1000 ಸೆಕೆಂಡ್, ಐಎಸ್‌ಒ 1600ರಲ್ಲಿ 1/4000. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಅದೇ. ಎರಡೂ ಒಂದೇ ಬೆಳಕಿನಲ್ಲಿ ಬರಬೇಕು. 1/4000ದಲ್ಲಿ ಪರದೆಗಳ ನಡುವಿನ ಸೀಳು ತುಂಬಾ ಸಣ್ಣದು. ಒಂದು ಪರದೆ ಚೂರು ತಡವರಿಸಿದರೂ ಫೋಟೊದ ಒಂದು ಬದಿ ಮಬ್ಬಾಗುತ್ತದೆ. ಕೊನೆಗೆ ಬರ್ಸ್ಟ್, ಬಟನ್ ಒತ್ತಿ ಹಿಡಿದು ಸೆಕೆಂಡಿಗೆ 11 ಫೋಟೊದ ಲೆಕ್ಕದಲ್ಲಿ ನಾಲ್ಕೈದು ಸಲ. ಟರ್ರ್ ಅಂತ ಒಂದೇ ಲಯ. ನಡುವೆ ಎಲ್ಲೂ ಮುಗ್ಗರಿಸಲಿಲ್ಲ. ವಾಕಿಂಗ್ ಬಂದ ಅಜ್ಜ ಒಬ್ಬರು ಮೇಲೆ ನೋಡಿದರು, ಹಕ್ಕಿ ಎಲ್ಲಿ ಅಂತ.

"ಇಷ್ಟೆಲ್ಲ ಯಾಕೆ ಮಾವಾ, ಎಲೆಕ್ಟ್ರಾನಿಕ್ ಶಟರ್ ಇರೋದನ್ನೇ ತಗೊಂಡ್ರೆ ಸವೆಯೋ ಮಾತೇ ಇಲ್ಲ ಅಲ್ವಾ?" ಅಂದ ಅಳಿಯ. ಹೌದು, ಸೋನಿಯ ಝಡ್‌ವಿ-ಇ10 ಮಾರ್ಕ್ 2ರಲ್ಲಿ ಮೆಕ್ಯಾನಿಕಲ್ ಶಟರ್ರೇ ಇಲ್ಲ. ವ್ಲಾಗ್ ಮಾಡುವವರಿಗೆ ಚೆಂದ. ಆದರೆ ಇವನಿಗೆ ಬೇಕಿರುವುದು ಆಟದ ಫೋಟೊ. ಪರದೆಯಿಲ್ಲದ ಶಟರ್‌ನಲ್ಲಿ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಸ್ಟೇಜಿನ ಎಲ್‌ಇಡಿ ಬೆಳಕಿನಲ್ಲಿ ಅದು ವೇಷದ ಮೈತುಂಬಾ ಪಟ್ಟೆ ಎಳೆದುಬಿಡಬಹುದು. ಗಿರಗಿರ ಸುತ್ತಿ ಧಿಗಿಣ ಹಾಕುವಾಗಂತೂ ಕೈಕಾಲೇ ಸೊಟ್ಟಗಾಗುತ್ತದೆ. ಟಕ್ ಅನ್ನುವ ಶಟರ್ರೇ ಇರಲಿ ಅಂದೆ.

ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿದೆ. ಮುಂಬೈ ಮಳೆಯಲ್ಲಿ ಫಂಗಸ್ ಹಿಡಿಯದ ಲೆನ್ಸ್ ಸಿಕ್ಕರೆ ಪುಣ್ಯ. ಅಂಚಿನಲ್ಲಿ ಜೇಡರ ಬಲೆಯಂಥ ಒಂದು ಎಳೆ ಕಂಡಿತು. ಕೌಂಟ್ ವಿಷಯಕ್ಕೆ ಹುಡುಗ ಜಗ್ಗಿರಲಿಲ್ಲ, ಆ ಒಂದು ಎಳೆಗೆ ಮೂರೂವರೆ ಸಾವಿರ ಇಳಿಸಿದ.