ಟಾರು ರಸ್ತೆ ಮೇಲೆ ಸುಗ್ಗಿ: ಒಕ್ಕಣೆಗೆ ಬಿಡಬೇಕೆ, ಬೇಡವೆ?

ಪರ: ಬೈಯುವ ಮೊದಲು ಕಣ ಎಲ್ಲಿದೆ ಎಂದು ಕೇಳಿ

ಸಂಕ್ರಾಂತಿಯ ಆಸುಪಾಸಿನಲ್ಲಿ ತುಮಕೂರು, ಹಾಸನ, ಮಂಡ್ಯ, ರಾಮನಗರದ ಕಡೆಯ ಊರ ದಾರಿಗಳಲ್ಲಿ ಟಾರೇ ಕಾಣುವುದಿಲ್ಲ. ವಾಹನಗಳ ಚಕ್ರ ಹರಿದು ಕಾಳು ಉದುರಲಿ ಎಂದು ರೈತರು ಕೊಯ್ದ ಬೆಳೆಯನ್ನು ರಸ್ತೆಗೇ ಹರಡಿರುತ್ತಾರೆ. ಒಂದು ಕಡೆ ರಾಗಿ, ಸ್ವಲ್ಪ ದೂರದಲ್ಲಿ ಹುರುಳಿ, ಅದರಾಚೆ ಅವರೆ. ಬೈಕಿನವರು ಬೈದುಕೊಂಡು ಹೋಗುತ್ತಾರೆ, ಪೊಲೀಸರು ಬಂದು ಎಚ್ಚರಿಕೆ ಕೊಟ್ಟು ಹೋಗುತ್ತಾರೆ, ಮಾರನೆಯ ದಿನ ಮತ್ತೆ ಅಲ್ಲೇ ಹರಡಿರುತ್ತದೆ. ಇದಕ್ಕೆ ಸೋಮಾರಿತನ ಎಂದು ಹೆಸರಿಡುವವರು ಕಾಳು ಒಕ್ಕುವ ಒಂದು ಮಣ್ಣಿನ ಕಣಕ್ಕೆ ಏನೇನು ಬೇಕು ಎಂದು ಲೆಕ್ಕ ಹಾಕಿ ನೋಡಲಿ.

ಕಣಕ್ಕೆ ನೀರು ನಿಲ್ಲದ, ಗಾಳಿ ಆಡುವ ಗಟ್ಟಿ ನೆಲ ಬೇಕು. ಕಡಿಮೆಯೆಂದರೂ ಮೂವತ್ತು ಅಡಿ ಅಗಲ. ಮೊದಲು ಕೂಳೆ (ಕೊಯ್ದ ಪೈರಿನ ಮೋಟು), ಹುಲ್ಲು ಕೆತ್ತಿ, ನೆಲವನ್ನು ತೆಳ್ಳಗೆ ಕೆದಕಿ, ಸಂಜೆ ನೀರು ಹಾಕಿ ರಾತ್ರಿಯೆಲ್ಲಾ ನೆನೆಯಲು ಬಿಡಬೇಕು. ಬೆಳಿಗ್ಗೆ ಹದ ನೋಡಬೇಕು. ಹೆಜ್ಜೆ ಇಟ್ಟರೆ ಗುರುತು ಮೂಡಬೇಕು, ಆದರೆ ಮಣ್ಣು ಕಾಲಿಗೆ ಅಂಟಬಾರದು. ಆ ಹದದಲ್ಲೇ ರೋಣಗಲ್ಲು, ಅಂದರೆ ಉರುಳುವ ಕಲ್ಲಿನ ಗುಂಡು ಎಳೆಸಿ, ಅಂಚುಗಳನ್ನು ಮರದ ಕೊಡತಿಯಲ್ಲಿ ಬಡಿಯಬೇಕು. ಹಸಿಯಿದ್ದಾಗಲೇ ಎಳೆಸಿದರೆ ಮಣ್ಣು ಕಲ್ಲಿಗೆ ಮೆತ್ತಿಕೊಂಡು ನೆಲ ಗುಳಿ ಬೀಳುತ್ತದೆ, ತಡ ಮಾಡಿದರೆ ಬಿರುಕು ಬಿಟ್ಟು ಕಾಳೆಲ್ಲಾ ಬಿರುಕಿಗೆ ಹೋಗುತ್ತದೆ. ಆಮೇಲೆ ಸಗಣಿ ಬಗ್ಗಡದಲ್ಲಿ ಎರಡು ಮೂರು ಸಲ ಸಾರಿಸಬೇಕು, ಒಂದೊಂದು ಸಾರಣೆಯೂ ಒಣಗಿದ ಮೇಲೆ ಇನ್ನೊಂದು. ಇಬ್ಬರು ಆಳಿಗೆ ನಾಲ್ಕೈದು ದಿನದ ಕೆಲಸ, ಬುಟ್ಟಿಗಟ್ಟಲೆ ಸಗಣಿ. ಎರಡು ಜೊತೆ ಎತ್ತು ಕಟ್ಟುತ್ತಿದ್ದ ಮನೆಗೆ ಇದು ಹೊರೆ ಆಗಿರಲಿಲ್ಲ. ಈಗ ಎತ್ತೂ ಇಲ್ಲ, ಎಷ್ಟೋ ಮನೆಗಳಲ್ಲಿ ಹಟ್ಟಿಯೇ ಇಲ್ಲ. ಮನೆಗೆ ಮೂರು ಭಾಗವಾಗಿ ಅರ್ಧ ಎಕರೆಗೆ ಇಳಿದ ಹೊಲದಲ್ಲಿ ಮೂವತ್ತು ಅಡಿ ಜಾಗ ಬಿಡುವುದೆಂದರೆ ಅಷ್ಟು ಬೆಳೆಯನ್ನೂ ಬಿಟ್ಟಂತೆ. ಊರಿಗೆಲ್ಲಾ ಒಂದಿದ್ದ ಕಣದ ಬಯಲು, ಗುಂಡುತೋಪಿನ ಅಂಚು, ಇವುಗಳ ಮೇಲೆ ಮನೆಗಳು ಎದ್ದಿವೆ.

ಯಂತ್ರ ತರಿಸಿ ಎನ್ನುತ್ತಾರೆ. ನಿಂತ ಪೈರನ್ನೇ ಕೊಯ್ದು ಒಕ್ಕುವ ದೊಡ್ಡ ಯಂತ್ರ ಸಣ್ಣ ತಾಕಿನಲ್ಲಿ ತಿರುಗುವುದೇ ಕಷ್ಟ. ರಾಗಿ ಸಾಲಿನ ನಡುವೆ ಅಕ್ಕಡಿಯಾಗಿ, ಅಂದರೆ ಮಿಶ್ರ ಬೆಳೆಯಾಗಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಇಟ್ಟವರಿಗೆ ಅದು ಆಗುವುದೇ ಇಲ್ಲ. ಅದು ಬುಡದಲ್ಲಿ ಬಿಟ್ಟುಹೋಗುವ ಹುಲ್ಲಿನ ನಷ್ಟ ಬೇರೆ. ಡೇರಿಗೆ ಹಾಲು ಹಾಕುವ ಮನೆಗೆ ರಾಗಿ ಹುಲ್ಲೆಂದರೆ ಮುಂದಿನ ಮಳೆಗಾಲದವರೆಗಿನ ಮೇವು. ಟ್ರ್ಯಾಕ್ಟರಿಗೆ ಜೋಡಿಸುವ ಒಕ್ಕಣೆ ಯಂತ್ರದವರು ಹತ್ತು ಕಂತೆ ಹುರುಳಿಗೆ, ಅರ್ಧ ಎಕರೆ ರಾಗಿಗೆ ಬರುವುದಿಲ್ಲ. ಬಂದರೂ ಅದನ್ನು ನಿಲ್ಲಿಸಿ ಕಾಳು ಬೀಳಿಸಿಕೊಳ್ಳಲು ಒಂದು ಸಮನಾದ ನೆಲ ಬೇಕಲ್ಲ?

ಮಳೆಯ ಮಾತು ಇನ್ನೂ ದೊಡ್ಡದು. ಬಂಗಾಳಕೊಲ್ಲಿಯ ವಾಯುಭಾರ ಕುಸಿತ ರಾಗಿ ಕೊಯ್ಲಿನ ಹೊತ್ತಿಗೇ ಬಂದು ಕೂರುತ್ತದೆ. 2021ರ ನವೆಂಬರಿನಲ್ಲಿ ದಕ್ಷಿಣ ಕರ್ನಾಟಕದ ಹೊಲಗಳಲ್ಲಿ ಕೊಯ್ದು ಅರಿ ಹಾಕಿದ್ದ ರಾಗಿ ಅಲ್ಲಲ್ಲೇ ಮೊಳಕೆ ಒಡೆಯಿತು. ಅಂಥ ಹೊತ್ತಿನಲ್ಲಿ ಮಣ್ಣಿನ ಕಣ ಕೆಸರಾಗಿ ವಾರ ಕಳೆದರೂ ಒಣಗುವುದಿಲ್ಲ. ಟಾರಾದರೆ ಬಿಸಿಲು ಬಿದ್ದು ಒಂದು ಗಂಟೆಯಲ್ಲಿ ಒಣಗುತ್ತದೆ, ಎರಡು ದಿನ ತೆಳ್ಳಗೆ ಹರಡಿದರೆ ತೆನೆ ಉಳಿಯುತ್ತದೆ. ಆ ಎರಡು ದಿನಕ್ಕಾಗಿ ಮೊಕದ್ದಮೆ ಹಾಕುವುದು ನ್ಯಾಯವಲ್ಲ.

ಹೆದ್ದಾರಿಯಲ್ಲಿ ಹರಡಲು ಬಿಡಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ದಿನಕ್ಕೆ ಮೂರು ನಾಲ್ಕು ಬಾರಿ ಬಸ್ಸು ಬರುವ, ಊರಲ್ಲೇ ಮುಗಿಯುವ ರಸ್ತೆಯ ಮಾತು ಇದು. ಅಲ್ಲಿಯೂ ಕಟ್ಟುಪಾಡು ಇರಲಿ. ಇಬ್ಬನಿ ಆರಿದ ಮೇಲೆ, ಹನ್ನೊಂದರ ಹೊತ್ತಿಗೆ ಹರಡಿ, ನಾಲ್ಕೂವರೆಗೆ ಎತ್ತಿಬಿಡಬೇಕು. ಅದಕ್ಕಿಂತ ಮುಂಚೆ ಹರಡಿದರೂ ಪ್ರಯೋಜನವಿಲ್ಲ, ಇಬ್ಬನಿ ಕುಡಿದ ತೆನೆ ನಾರಿನಂತೆ ಬಾಗುತ್ತದೆಯೇ ಹೊರತು ಕಾಳು ಬಿಡುವುದಿಲ್ಲ. ರಸ್ತೆಯ ಅರ್ಧಕ್ಕೆ ಮಾತ್ರ, ಗೇಣುದ್ದಕ್ಕಿಂತ ತೆಳ್ಳಗೆ. ತಿರುವು, ಸೇತುವೆ, ಉಬ್ಬು ಇದ್ದಲ್ಲಿ ಎರಡು ಕಡೆಯೂ ನೂರು ಮೀಟರ್ ಖಾಲಿ. ಎರಡೂ ತುದಿಯಲ್ಲಿ ಆಳೆತ್ತರದ ಕೋಲಿಗೆ ಕೆಂಪು ಬಟ್ಟೆ ಕಟ್ಟಿ, ಹರಡಿರುವಷ್ಟು ಹೊತ್ತೂ ಒಬ್ಬರು ಅಲ್ಲೇ ಇರಬೇಕು. ಕಲ್ಲು, ಮುಳ್ಳುಕೊಂಪೆ ಅಡ್ಡ ಇಡಲೇಬಾರದು. ಹುರುಳಿಯನ್ನಂತೂ ರಸ್ತೆಗೆ ತರಬಾರದು, ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಅದು ಸ್ವಲ್ಪವೇ ಇರುವ ಮನೆಯವರು ಅಂಗಳದಲ್ಲೇ ಕೋಲಿನಿಂದ ಬಡಿದುಕೊಳ್ಳಬಹುದು.

ಪಂಚಾಯಿತಿಯವರು ಇಷ್ಟನ್ನು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿ, ಯಾರು ಯಾವ ದಿನ ಎಂದು ಪಟ್ಟಿ ಮಾಡಿದರೆ ಸಾಕು. ಊರಿಗೊಂದು ಕಣ ಕಟ್ಟಿಕೊಡಿ, ಆ ದಿನದಿಂದ ರಸ್ತೆ ಖಾಲಿ ಮಾಡಿಸಿ. ಕಟ್ಟಿಕೊಡುವವರೆಗೆ ವರ್ಷದಲ್ಲಿ ಒಂದು ತಿಂಗಳು, ದಿನಕ್ಕೆ ಐದೂವರೆ ಗಂಟೆ ಆ ರಸ್ತೆಯನ್ನು ಹಂಚಿಕೊಳ್ಳಿ.

ವಿರೋಧ: ರಸ್ತೆ ಜೀವವನ್ನೂ ತೆಗೆಯುತ್ತದೆ, ರಾಗಿಯನ್ನೂ ಕೆಡಿಸುತ್ತದೆ

ರೈತರಿಗೆ ಕಣವಿಲ್ಲ ಎನ್ನುವುದು ನಿಜ, ಅದರಲ್ಲಿ ಜಗಳವಿಲ್ಲ. ಆದರೆ ‘ರಸ್ತೆಯ ಅರ್ಧಕ್ಕೆ ಮಾತ್ರ’ ಎಂಬ ಮಾತನ್ನು ಟೇಪು ಹಿಡಿದು ಅಳೆಯಬೇಕು. ಹಳ್ಳಿಗಳಿಗೆ ರಸ್ತೆ ಹಾಕುವ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳ ಟಾರು ಸಾಮಾನ್ಯವಾಗಿ 3.75 ಮೀಟರ್, ಅಂದರೆ ಹನ್ನೆರಡು ಅಡಿ ಚಿಲ್ಲರೆ. ಅರ್ಧ ಹುಲ್ಲಿಗೆ ಕೊಟ್ಟರೆ ಉಳಿಯುವುದು ಆರಡಿ. ಒಂದು ಕಾರಿನ ಅಗಲವೇ ಹತ್ತಿರ ಹತ್ತಿರ ಅಷ್ಟಿರುತ್ತದೆ. ಎದುರಿಗೆ ಕಾರೋ ಟ್ರ್ಯಾಕ್ಟರೋ ಬಂದಾಗ ದಾರಿ ಬಿಡಬೇಕಾದವನು ಬೈಕಿನವನು, ಅವನು ಇಳಿಯುವುದು ಹುಲ್ಲಿನ ಮೇಲಕ್ಕೇ. ಹೀಗಾಗಿ ಅರ್ಧ ರಸ್ತೆಯ ಕಟ್ಟುಪಾಡು ಕಾಗದದಲ್ಲಿ ಎಷ್ಟು ಚೆನ್ನಾಗಿದ್ದರೂ ಬೈಕಿನವನನ್ನು ಕಾಯುವುದಿಲ್ಲ.

ಒಣಗಿದ ರಾಗಿ ಹುಲ್ಲು ಟೈರಿನ ಕೆಳಗೆ ನಿಲ್ಲುವುದಿಲ್ಲ. ಒಂದು ಕಡ್ಡಿಯ ಮೇಲೆ ಇನ್ನೊಂದು ಜಾರುತ್ತದೆ, ಅದರಡಿ ಉದುರಿದ ಕಾಳು ಸಣ್ಣ ಗುಂಡುಗಳಂತೆ ಉರುಳುತ್ತದೆ. ಮುಂದಿನ ಬ್ರೇಕು ಹಿಡಿದ ಕೂಡಲೇ ಚಕ್ರ ತಿರುಗುವುದು ನಿಂತು ಹ್ಯಾಂಡಲ್ ಪಕ್ಕಕ್ಕೆ ಎಳೆಯುತ್ತದೆ. ಹಿಂದೆ ಕೂತವರು, ಅದರಲ್ಲೂ ಒಂದೇ ಕಡೆ ಕಾಲು ಹಾಕಿ ಕೂತ ಹೆಂಗಸರು ತಲೆ ಕೆಳಗಾಗಿ ಬೀಳುತ್ತಾರೆ. ಹುಲ್ಲಿನಡಿ ಗುಂಡಿ ಇದೆಯೋ ಉಬ್ಬು ಇದೆಯೋ ಕಾಣುವುದೇ ಇಲ್ಲ. ಪಕ್ಕದಲ್ಲೇ ತೂರುತ್ತಿದ್ದರೆ ಹೊಟ್ಟು, ದೂಳು ಕಣ್ಣಿಗೆ. ಸಂಜೆ ಎತ್ತಿಬಿಡುತ್ತಾರೆ ಎನ್ನುವುದು ಕೆಲಸ ಮುಗಿದ ದಿನದ ಮಾತು. ಮುಗಿಯದಿದ್ದರೆ ರಾಶಿಯನ್ನು ರಸ್ತೆಬದಿಗೆ ಗುಡ್ಡೆ ಹಾಕಿ, ಕಪ್ಪು ಟಾರ್ಪಾಲು ಹೊದಿಸಿ, ಸುತ್ತ ಕಲ್ಲು ಇಟ್ಟು ಮನೆಗೆ ಹೋಗುತ್ತಾರೆ. ದೀಪವಿಲ್ಲದ ರಸ್ತೆಯಲ್ಲಿ ಕಪ್ಪು ಗುಡ್ಡೆ ಬೈಕಿನ ಬೆಳಕಿಗೆ ಕಾಣುವಷ್ಟರಲ್ಲಿ ಬ್ರೇಕು ಹಿಡಿಯಲು ದೂರ ಉಳಿದಿರುವುದಿಲ್ಲ.

ಹುರುಳಿಯ ಬಗ್ಗೆ ಪರ ವಾದದವರೂ ಒಪ್ಪಿದ್ದಾರೆ, ಆದರೂ ಅದು ಹೇಗೆ ಹತ್ತಿಕೊಳ್ಳುತ್ತದೆ ಎಂಬುದನ್ನು ತಿಳಿದಿರಬೇಕು. ಹುರುಳಿ ಬಳ್ಳಿ ಉದ್ದ, ಒಣಗಿದರೂ ಬೇಗ ತುಂಡಾಗುವುದಿಲ್ಲ. ಕಾರಿನ ಮುಂದಿನ ಚಕ್ರ ತಿರುಗಿಸುವ ಆಕ್ಸಲ್‌ಗೆ ಅದು ರಾಟೆಗೆ ನೂಲು ಸುತ್ತಿದ ಹಾಗೆ ಸುತ್ತಿಕೊಳ್ಳುತ್ತದೆ. ಸುತ್ತು ದಪ್ಪವಾದಂತೆ ಬಿಗಿಯುತ್ತದೆ, ಗ್ರೀಸ್ ತುಂಬಿದ ರಬ್ಬರ್ ಕವಚ ಹರಿಯುತ್ತದೆ. ಪಕ್ಕದಲ್ಲೇ ಇಂಜಿನ್ನಿನಿಂದ ಬರುವ ಹೊಗೆಕೊಳವೆ ನೂರಾರು ಡಿಗ್ರಿ ಕಾದಿರುತ್ತದೆ. ಉಜ್ಜಿ ಉಜ್ಜಿ ಪುಡಿಯಾದ ಒಣಸೊಪ್ಪು ಅದಕ್ಕೆ ತಗುಲಿದರೆ ಹೊಗೆ, ಆಮೇಲೆ ಬೆಂಕಿ. ಗಾಡಿ ನಿಲ್ಲಿಸಿದ್ದು ಹುಲ್ಲಿನ ಮೇಲೇ ಆದರೆ ಇನ್ನೂ ಕೆಟ್ಟದು, ಬಿಸಿ ಕೊಳವೆ ಕೆಳಗಿನ ಹುಲ್ಲಿಗೇ ಕಿಡಿ ಹಚ್ಚುತ್ತದೆ. ಅಂಥ ರಸ್ತೆ ದಾಟಿದ ಮೇಲೆ ಸುಟ್ಟ ವಾಸನೆ ಬಂದರೆ ಅಥವಾ ಚಕ್ರದ ಕಡೆಯಿಂದ ಉಜ್ಜುವ ಸದ್ದು ಕೇಳಿದರೆ, ಹುಲ್ಲಿಲ್ಲದ ಜಾಗಕ್ಕೆ ಬಂದು ಇಂಜಿನ್ ಆರಿಸಿ ಎಲ್ಲರನ್ನೂ ಇಳಿಸಬೇಕು. ಹೊಗೆ ಬರುತ್ತಿದ್ದರೆ ಬಾನೆಟ್ ಪೂರ್ತಿ ಎತ್ತಬಾರದು, ಗಾಳಿ ನುಗ್ಗಿ ಉರಿ ಏಳುತ್ತದೆ. ಪೂರಾ ಆರಿದ ಮೇಲೆ ಚಾಕುವಿನಿಂದ ಬಳ್ಳಿಯನ್ನು ಕೊಯ್ದು ತೆಗೆಯಬೇಕೇ ಹೊರತು ಎಳೆಯಬಾರದು, ಎಳೆದಷ್ಟೂ ಬಿಗಿಯುತ್ತದೆ.

ಇನ್ನು ಕಾಳಿನ ಗತಿ. ಕಣವೆಂದರೆ ಚಪ್ಪಲಿ ಬಿಟ್ಟು ಕಾಲಿಡುವ ಜಾಗವಾಗಿತ್ತು, ಸಗಣಿಯ ಬೆನಕನಿಗೆ ಗರಿಕೆ ಸಿಕ್ಕಿಸಿ ರಾಶಿ ಪೂಜೆ ಮಾಡಿದ ಮೇಲೆಯೇ ಅಳೆಯುತ್ತಿದ್ದರು. ಅದೇ ರಾಶಿ ಈಗ ಡೀಸೆಲ್ ತೊಟ್ಟಿಕ್ಕುವ, ಉಗುಳು ಬೀಳುವ ರಸ್ತೆಯ ಮೇಲೆ ಬಿದ್ದಿದೆ. ಮನಸ್ಸಿಗೆ ನೋವಾಗುವುದು ಒಂದು ಕಡೆ, ನಷ್ಟವೂ ಲೆಕ್ಕಕ್ಕೆ ಸಿಗುವಂಥದ್ದೇ. ಸವೆದ ರಸ್ತೆಯಲ್ಲಿ ಜಲ್ಲಿ ಎದ್ದು ನಿಂತಿರುತ್ತದೆ, ಜಲ್ಲಿಯ ಸಂದುಗಳಿಗೆ ಕಾಳು ಇಳಿದರೆ ಪೊರಕೆಗೆ ಬರುವುದಿಲ್ಲ. ಬಲವಾಗಿ ಗುಡಿಸಿದರೆ ಕಾಳಿನ ಜೊತೆ ಮರಳೂ ಬರುತ್ತದೆ. ರಾಗಿ ಕಾಳು ಒಂದು, ಒಂದೂವರೆ ಮಿಲಿಮೀಟರ್ ಗಾತ್ರದ್ದು, ರಸ್ತೆಯ ಮರಳೂ ಹೆಚ್ಚು ಕಡಿಮೆ ಅಷ್ಟೇ. ಜರಡಿ ಹಿಡಿದರೆ ಎರಡೂ ಒಟ್ಟಿಗೇ ಇಳಿಯುತ್ತವೆ. ಗಾಳಿಗೆ ತೂರಿದರೆ ಹೊಟ್ಟು ಹಾರುತ್ತದೆ, ತೂಕದ ಮರಳು ರಾಗಿಯ ಜೊತೆಯಲ್ಲೇ ಬೀಳುತ್ತದೆ. ಅದನ್ನು ತೆಗೆಯಬೇಕಾದರೆ ನೀರಿನಲ್ಲಿ ಗಾಳಿಸಬೇಕು, ಗಾಳಿಸಿದರೆ ಮತ್ತೆ ಒಣಗಿಸಬೇಕು. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ತೇವ 12 ಶೇಕಡಾ ಮೀರಬಾರದು, ಕಲ್ಲು ಮಣ್ಣು ಇರಬಾರದು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಅಲ್ಲಿ ತಿರಸ್ಕರಿಸಿದ ಮೂಟೆ ಹೋಗುವುದು ವ್ಯಾಪಾರಿ ಹೇಳಿದ ಬೆಲೆಗೆ. ಹುರುಳಿಯ ಮೇಲೆ ಲಾರಿ ಹರಿದರೆ ಕಾಳು ಒಡೆದು ಬೇಳೆಯಾಗುತ್ತದೆ, ಬಿತ್ತನೆಗೂ ಬಾರದು. ಕೂಲಿ ಉಳಿಯಿತು ಎಂದು ರಸ್ತೆಗೆ ಹಾಕಿದ್ದರಲ್ಲಿ ನಷ್ಟ ಹೀಗೆ ಸೇರುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. ಸಾರ್ವಜನಿಕ ದಾರಿಗೆ ಅಡ್ಡಿ, ಅಪಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ನಿನಲ್ಲಿ 5,000 ರೂಪಾಯಿವರೆಗೆ ದಂಡವಿದೆ. ದಂಡಕ್ಕಿಂತ ಕಷ್ಟದ್ದು, ಬಿದ್ದು ಪೆಟ್ಟಾದವನು ಅದೇ ಊರಿನ ಹುಡುಗನಾಗಿದ್ದರೆ ಎರಡು ಮನೆಗಳ ನಡುವೆ ಉಳಿಯುವ ಹಗೆ.

ಹಾಗಾದರೆ ಒಕ್ಕುವುದೆಲ್ಲಿ? ಒಂದೆರಡು ಎಕರೆಯವರಿಗೆ ದಪ್ಪ ಟಾರ್ಪಾಲು ಸಾಕು, ರೈತ ಸಂಪರ್ಕ ಕೇಂದ್ರಗಳಲ್ಲಿ ಸಬ್ಸಿಡಿಯಲ್ಲೂ ಕೊಡುತ್ತಾರೆ. ಹೊಲದ ಮೂಲೆಯಲ್ಲಿ ಕೂಳೆ ಕೆತ್ತಿ ಸಮ ಮಾಡಿ ಹಾಸಬೇಕು. ಕೂಳೆ ಉಳಿದರೆ ಅದು ಕೆಳಗಿನಿಂದ ಚುಚ್ಚಿ ತೂತು ಮಾಡುತ್ತದೆ. ಟ್ರ್ಯಾಕ್ಟರ್ ಓಡಿಸುವುದಾದರೆ ನೇರ ಹೋಗಿ ಹಿಂದಕ್ಕೆ ಬರಬೇಕು. ಟಾರ್ಪಾಲಿನ ಮೇಲೇ ತಿರುಗಿಸಿದರೆ ಅದು ಸುಕ್ಕುಗಟ್ಟಿ ಹರಿಯುತ್ತದೆ. ಕೆಲಸ ಮುಗಿದ ಮೇಲೆ ಒಣಗಿಸಿ, ಮಡಚಿ, ನೆರಳಲ್ಲಿಡಬೇಕು. ಬಿಸಿಲಲ್ಲೇ ಬಿಟ್ಟರೆ ಮುಂದಿನ ಸುಗ್ಗಿಗೆ ಪುಡಿಯಾಗಿರುತ್ತದೆ.

ಊರಿಗೆ ಬೇಕಾದ್ದು ಕಾಂಕ್ರೀಟು ಕಣ. ಉದ್ಯೋಗ ಖಾತರಿಯಲ್ಲಿ ಸಮುದಾಯದ ಕಣ ಕಟ್ಟಿಸಿಕೊಂಡ ಊರುಗಳಿವೆ. ಮೂವತ್ತಕ್ಕೆ ಮೂವತ್ತು ಅಡಿ ಕಣಕ್ಕೆ ದಪ್ಪ ಜಲ್ಲಿ ದಿಮ್ಮಿಸಿದ ಅಡಿಪಾಯದ ಮೇಲೆ ನಾಲ್ಕಿಂಚು ಕಾಂಕ್ರೀಟು ಬೇಕು. ಒಂದು ಪಾಲು ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ ಎಂದರೆ ಐವತ್ತರಿಂದ ಐವತ್ತೈದು ಮೂಟೆ ಸಿಮೆಂಟು ಹಿಡಿಯುತ್ತದೆ. ಒಂದೇ ಹಾಸಾಗಿ ಸುರಿಯದೆ ಹತ್ತಡಿಯ ಚೌಕಗಳಾಗಿ, ಒಂದು ಬಿಟ್ಟು ಒಂದು ಹಾಕಬೇಕು. ಇಲ್ಲದಿದ್ದರೆ ಮೊದಲ ಬೇಸಿಗೆಗೇ ಅಡ್ಡಾದಿಡ್ಡಿ ಬಿರುಕು ಬಿಟ್ಟು ಆ ಬಿರುಕೇ ಕಾಳು ನುಂಗುತ್ತದೆ. ಒಂದು ಕಡೆಗೆ ಮೂರು ನಾಲ್ಕು ಇಂಚು ವಾಟ ಕೊಟ್ಟು, ಉಳಿದ ಮೂರು ಕಡೆ ಮೂರಿಂಚಿನ ಅಂಚು ಕಟ್ಟಬೇಕು, ಕಾಳು ಹೊರಗೆ ಉರುಳುವುದಿಲ್ಲ. ಎರಡು ವಾರ ಗೋಣಿಚೀಲ ಹೊದಿಸಿ ನೀರುಣಿಸಬೇಕು.

ಕಟ್ಟಿದ ಕಣಗಳೂ ಹಾಳು ಬಿದ್ದಿರುವುದುಂಟು, ಪರ ವಾದದವರು ಅದನ್ನು ಕೇಳಬಹುದು. ಜಾಗ ಆರಿಸುವಾಗಲೇ ತಪ್ಪಾಗಿರುತ್ತದೆ. ಟ್ರ್ಯಾಕ್ಟರ್ ಹೋಗುವ ದಾರಿ ಇಲ್ಲದ ಕಡೆ, ಕರೆಂಟು ತಂತಿಯ ಕೆಳಗೆ, ಮನೆಗೋಡೆಗಳ ಮರೆಯಲ್ಲಿ ಕಟ್ಟಿದರೆ ಯಾರೂ ಬರುವುದಿಲ್ಲ. ತೂರಲು ಗಾಳಿ ಬೇಕು, ಸುತ್ತ ಕಂತೆಗಳ ಮೆದೆ ಒಟ್ಟಿಕೊಳ್ಳಲು ಜಾಗ ಬೇಕು. ಇನ್ನೊಂದು ತಪ್ಪು ಸರದಿ ಇಲ್ಲದಿರುವುದು. ಒಂದು ಎಕರೆ ರಾಗಿಗೆ ಮೆದೆ ಕೆಡವಿ, ಒಕ್ಕಿ, ತೂರಿ, ಚೀಲಕ್ಕೆ ತುಂಬಲು ಒಂದರಿಂದ ಒಂದೂವರೆ ದಿನ. ಮನೆಗೊಂದು ಎಕರೆಯೆಂದರೂ ಮೂವತ್ತು ಮನೆಯ ಊರಿಗೆ ಒಂದು ಕಣದಲ್ಲಿ ಮೂವತ್ತರಿಂದ ನಲವತ್ತೈದು ದಿನ ಬೇಕು. ಆದ್ದರಿಂದ ಊರಿಗೆ ಎರಡು ಕಣ, ಚೀಟಿ ಎತ್ತಿ ಸರದಿ, ತೇವ ಹಿಡಿದ ರಾಗಿಗೆ ಮೊದಲ ಸರದಿ. ಮಿಕ್ಕ ಹತ್ತು ತಿಂಗಳು ಅದರ ಮೇಲೆ ಗೊಬ್ಬರ, ಮರಳು, ಇಟ್ಟಿಗೆ ಹಾಕದಂತೆ ನೋಡಿಕೊಳ್ಳುವುದು ಪಂಚಾಯಿತಿ ಸದಸ್ಯರ ಹೊಣೆ. ಕಾರ್ತಿಕ ಕಳೆಯುವುದರೊಳಗೆ ಕಣ ಗುಡಿಸಿ, ಬಿರುಕಿಗೆ ಸಿಮೆಂಟು ಹಾಲು ಹಾಕಿಸಿ, ಸರದಿ ಪಟ್ಟಿಯನ್ನು ಡೇರಿಯ ಗೋಡೆಗೆ ಅಂಟಿಸಬೇಕು. ಬೆಳಿಗ್ಗೆ ಸಂಜೆ ಊರೆಲ್ಲಾ ಬರುವ ಜಾಗ ಅದು.